ತಿರುಗದ ಡಿಸ್ಕೂ ಮಾವನವರ ಶನಿವಾರವೂ

ಮೊನ್ನೆ ಷೋಕೇಸಿನ ಕೆಳಗಿನ ಡ್ರಾಯರಿನಲ್ಲಿ ಕತ್ತರಿ ಹುಡುಕುತ್ತಿದ್ದಾಗ ಕೈಗೊಂದು ಪೊಟ್ಟಣ ಸಿಕ್ಕಿತು. ಎಣ್ಣೆ ಕಾಗದದಲ್ಲಿ ಸುತ್ತಿ, ನಾಲ್ಕು ಮೂಲೆಗಳನ್ನೂ ಲಕೋಟೆಯಂತೆ ಮಡಿಚಿ, ಬಿಳಿಯ ನೂಲಿನಿಂದ ಕಟ್ಟಿದ ಪೊಟ್ಟಣ. ನೂಲಿಗೆ ಒಂದು ರಟ್ಟಿನ ಚೀಟಿ. ಚೀಟಿಯ ಮೇಲೆ ಅಚ್ಚಿನಂಥ ಅಕ್ಷರಗಳಲ್ಲಿ ಹೀಗೆ ಬರೆದಿತ್ತು: ‘ಲ್ಯಾಪ್‌ಟಾಪಿನ ಡಿವಿಡಿ ಡ್ರೈವ್. ಸುಸ್ಥಿತಿಯಲ್ಲಿದೆ. ತೆಗೆದ ಕಾರಣ: ಸ್ಥಳಾಭಾವ.’

ಆ ‘ಸ್ಥಳಾಭಾವ’ ಓದಿ ಕತ್ತರಿಯ ವಿಷಯವೇ ಮರೆತು ನೆಲದ ಮೇಲೆ ಕೂತುಬಿಟ್ಟೆ. ಬರೆದವರು ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ. ಜಾಲಹಳ್ಳಿಯ ಒಂದು ಸರ್ಕಾರಿ ಕಾರ್ಖಾನೆಯ ಟೂಲ್ ರೂಮಿನಲ್ಲಿ ಮೂವತ್ತಾರು ವರ್ಷ ಇದ್ದು, ಫೋರ್‌ಮನ್ ಆಗಿ ನಿವೃತ್ತರಾದವರು. ಟೂಲ್ ರೂಮು ಅಂದರೆ ಕಾರ್ಖಾನೆಯ ಉಳಿದ ಯಂತ್ರಗಳಿಗೆ ಬೇಕಾದ ಅಚ್ಚು, ಅಳತೆ, ಹರಿತದ ಉಳಿಗಳನ್ನೆಲ್ಲ ಮಾಡಿಕೊಡುವ ಜಾಗ. ಅಲ್ಲಿ ಬಿಚ್ಚಿದ ಯಾವ ಭಾಗವನ್ನೂ ಎಸೆಯುವ ಪದ್ಧತಿಯಿಲ್ಲ. ಒರೆಸಬೇಕು, ಎಣ್ಣೆ ಕಾಗದದಲ್ಲಿ ಸುತ್ತಬೇಕು, ಚೀಟಿ ಕಟ್ಟಬೇಕು. ನಮ್ಮ ಮನೆಯಲ್ಲಿ ಹೀಗೆ ಚೀಟಿ ಕಟ್ಟಿಸಿಕೊಂಡು ಮಲಗಿರುವ ಹಳೆಯ ನಲ್ಲಿ, ಕುಕ್ಕರಿನ ಹಿಡಿ, ಗಡಿಯಾರದ ಮುಳ್ಳು ಎಷ್ಟೆಂದು ನನಗೇ ಗೊತ್ತಿಲ್ಲ. ಮಾವನವರು ಈಗಲೂ ಆಚೆ ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದಾರೆ, ಆದ್ದರಿಂದ ಎಣಿಸುವ ಧೈರ್ಯವೂ ಇಲ್ಲ.

ನೋಡಿ, ಡಿವಿಡಿ ಡ್ರೈವಿನ ಕಥೆ ಹೇಳಬೇಕಾದರೆ ಮೊದಲು ಶನಿವಾರದ ಕಥೆ ಹೇಳಬೇಕು.

ಮಾವನವರ ಟೂಲ್ ರೂಮಿನಲ್ಲಿ ಶನಿವಾರದ ಕೊನೆಯ ಎರಡು ಗಂಟೆ ಉತ್ಪಾದನೆ ಇಲ್ಲ. ಪ್ರತಿಯೊಬ್ಬನೂ ತನ್ನ ಯಂತ್ರವನ್ನು ತಾನೇ ಒರೆಸಿ, ಚೂರು ಗುಡಿಸಿ, ಎಣ್ಣೆ ಬಿಟ್ಟು, ತಳ್ಳಿ ನೋಡಿ, ಆಮೇಲೆ ಪಕ್ಕದಲ್ಲಿ ನಿಲ್ಲಬೇಕು. ಫೋರ್‌ಮನ್ ಬಂದು ಬಿಳಿಯ ಕರ್ಚೀಫಿನಿಂದ ಯಂತ್ರದ ಬೆನ್ನು ಸವರುತ್ತಾನೆ. ಕರ್ಚೀಫು ಕಪ್ಪಾದರೆ ಮತ್ತೆ ಒರೆಸಬೇಕು, ಮನೆಗೆ ಹೋಗುವ ಬಸ್ಸು ತಪ್ಪಿದಂತೆಯೇ. ನಿವೃತ್ತಿಯಾಗಿ ಬಂದಾಗ ಮಾವನವರು ಕಾರ್ಖಾನೆಯಿಂದ ಒಂದು ಗೋಡೆ ಗಡಿಯಾರ, ಒಂದು ಶಾಲು ಮತ್ತು ಈ ಶನಿವಾರವನ್ನು ಮನೆಗೆ ತಂದರು. ಮಧ್ಯಾಹ್ನ ಮೂರಕ್ಕೆ ಕಾಫಿ. ಆಮೇಲೆ ಖಾಕಿ ಕೋಟು. ಫ್ಯಾನು, ಗೇಟಿನ ಕೀಲು, ಅತ್ತೆಯ ಹೊಲಿಗೆ ಯಂತ್ರ, ಸ್ಕೂಟರು, ಸಂಪಿನ ಪಂಪು, ಎಲ್ಲಕ್ಕೂ ಸರದಿ.

ನಾನು ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಗುಟ್ಟು ಹೇಳಿದ್ದರು: “ಗಿರಿಜಾ, ಶನಿವಾರ ಮೂರರಿಂದ ಐದು ಗಂಟೆ ತನಕ ಒಂದ್ಕಡೆ ಸುಮ್ನೆ ಕೂತಿರ್ಬೇಡಮ್ಮಾ, ಓಡಾಡ್ತಿರು. ಕೂತಿದ್ರೆ ತುಕ್ಕು ಹಿಡ್ದಿದೆ ಅಂತ ಎಣ್ಣೆ ಬಿಟ್ಬಿಡ್ತಾರೆ.”

ಆದರೆ ಕಾಲ ಮಾವನವರ ಶನಿವಾರವನ್ನು ಒಂದೊಂದೇ ಕಡೆಯಿಂದ ಕೊರೆಯುತ್ತ ಬಂತು. ಹಳೆಯ ಫ್ಯಾನು ಹೋಗಿ ಹೊಸದು ಬಂತು, ಅದರ ಬೇರಿಂಗಿಗೆ ಎಣ್ಣೆ ಬಿಡುವ ತೂತೇ ಇಲ್ಲ. ಸ್ಕೂಟರು ಮಾರಿ ನನ್ನ ಗಂಡ ಬೈಕು ತಂದರು. ಅದನ್ನು ಹೊರಗಿನವರು ಮುಟ್ಟಿದರೆ ಗ್ಯಾರಂಟಿ ಹೋಗುತ್ತದಂತೆ. ಹೊರಗಿನವರು! ಆ ಮಾತು ಕೇಳಿ ಮಾವನವರು ಸ್ಪ್ಯಾನರುಗಳನ್ನು ಒರೆಸಿ ಡಬ್ಬಿಗೆ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅತ್ತೆಗೆ ಕಣ್ಣಿನ ಪೊರೆ ಬಂದು ಹೊಲಿಗೆ ಯಂತ್ರ ಅವರ ತಂಗಿಯ ಮನೆಗೆ ಹೋಯಿತು. ಪಂಪು ನೀರಿನೊಳಗೇ ಮುಳುಗಿ ಕೆಲಸ ಮಾಡುವ ಜಾತಿಯದಾಯಿತು. ಕೊನೆಗೆ ಉಳಿದದ್ದು ಎರಡೇ: ಗೇಟಿನ ಕೀಲು, ಮತ್ತು ನಡುವೆ ಸರದಿಗೆ ಸೇರಿಕೊಂಡ ನನ್ನ ಲ್ಯಾಪ್‌ಟಾಪು. ಗೇಟಿಗೆ ಎಷ್ಟು ಎಣ್ಣೆಯಾಗಿತ್ತೆಂದರೆ, ಗಾಳಿ ಬಂದರೂ ಅದು ತಾನೇ ತೆರೆದುಕೊಂಡು ಹಸುಗಳನ್ನು ಒಳಗೆ ಕರೆಯುತ್ತಿತ್ತು.

ನಾನು ಆಗ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಕ್ಸ್‌ಚರುಗಳ ನಕ್ಷೆ ಮಾಡುತ್ತಿದ್ದೆ. ಫಿಕ್ಸ್‌ಚರ್ ಅಂದರೆ ಏನೂ ಇಲ್ಲ, ಒಂದು ಬಿಡಿಭಾಗಕ್ಕೆ ತೂತು ಕೊರೆಯುವಾಗ ಅದು ಅಲ್ಲಾಡದಂತೆ ಹಿಡಿದುಕೊಳ್ಳುವ ಕಬ್ಬಿಣದ ಕೈ. ಶನಿವಾರ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪೋ, ಇಟ್ಟಿಗೆಯಷ್ಟು ತೂಕ, ಎಮ್ಮೆಯಷ್ಟು ನಿಧಾನ. ದೊಡ್ಡ ನಕ್ಷೆಯೊಂದನ್ನು ತೆರೆಯಲು ಹೇಳಿ ನಾನು ಅಡುಗೆಮನೆಗೆ ಹೋಗಿ ಕುಕ್ಕರ್ ಇಡುತ್ತಿದ್ದೆ. ನಮ್ಮಲ್ಲಿ ಫೈಲುಗಳ ಗಾತ್ರದ ಲೆಕ್ಕವೇ ಬೇರೆ: ಇದು ಒಂದು ವಿಷಲ್ ಫೈಲು, ಇದು ಮೂರು ವಿಷಲ್ ಫೈಲು. ಬೇಳೆ ಬೆಂದರೂ ತೆರೆಯದ ಒಂದು ಫೈಲಿಗೆ ಅತ್ತೆ ‘ಕಡಲೆಕಾಳು’ ಎಂದು ಹೆಸರಿಟ್ಟಿದ್ದರು.

ಒಂದು ಶನಿವಾರ ಮಾವನವರು ಖಾಕಿ ಕೋಟಿನಲ್ಲಿ ಬಂದು ನಿಂತು, “ಇದಕ್ಕೆ ಮೆಂಟೆನೆನ್ಸ್ ಏನಮ್ಮಾ?” ಎಂದು ಕೇಳಿದರು. ನಾನು ಬಾಯಿಗೆ ಬಂದಂತೆ ಡಿಫ್ರಾಗ್ ಎಂದುಬಿಟ್ಟೆ. ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಮಾವ. ಬರೆದದ್ದು ಅಲ್ಲೊಂದು ತುಂಡು ಇಲ್ಲೊಂದು ತುಂಡು ಚದುರಿರುತ್ತದೆ. ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಿ ಸುಸ್ತಾಗುತ್ತದೆ. ಡಿಫ್ರಾಗ್ ಮಾಡಿದರೆ ತುಂಡುಗಳೆಲ್ಲ ಒಂದೆಡೆ ಸೇರುತ್ತವೆ. ಮಾವನವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ತಿರುಗುವ ತಟ್ಟೆ! ಓಡಾಡುವ ಮುಳ್ಳು! ಅವರ ಭಾಷೆಯಲ್ಲಿ ಅದು ಒಂದು ಪುಟ್ಟ ಲೇತ್ ಯಂತ್ರ.

ಅಂದಿನಿಂದ ಲ್ಯಾಪ್‌ಟಾಪು ಶನಿವಾರದ ಸರದಿಗೆ ಸೇರಿತು. ಡಿಸ್ಕಿನೊಳಗಿನ ಚೆಲ್ಲಾಪಿಲ್ಲಿಯನ್ನು ಬಣ್ಣದ ಚೌಕಗಳಲ್ಲಿ ತೋರಿಸುವ ಒಂದು ಪ್ರೋಗ್ರಾಮನ್ನು ನಾನು ಅವರಿಗಾಗಿ ಹಾಕಿಸಿಕೊಟ್ಟೆ. ಚದುರಿದ್ದು ಕೆಂಪು, ಸೇರಿದ್ದು ನೀಲಿ. ಮಾವನವರು ಕಾಫಿ ಲೋಟ ಹಿಡಿದು ಎದುರು ಕೂತರೆ, ಕೆಂಪೆಲ್ಲ ಕರಗಿ ನೀಲಿಯಾಗುವವರೆಗೆ ಏಳುತ್ತಿರಲಿಲ್ಲ. ಅವರನ್ನು ನೋಡುವಾಗ ನನಗೆ ಮಾಗಡಿ ಕಡೆಯ ನನ್ನಜ್ಜಿ ನೆನಪಾಗುತ್ತಿದ್ದಳು. ಮೊರದ ತುಂಬ ಅವರೆಕಾಳು ಸುರುವಿಕೊಂಡು, ಹುಳುಕು ಒಂದು ಕಡೆ, ಎಳಸು ಒಂದು ಕಡೆ, ಬಲಿತದ್ದು ಒಂದು ಕಡೆ ಎಂದು ಬೆರಳಲ್ಲೇ ವಿಂಗಡಿಸುತ್ತ, ಬಾಯಲ್ಲಿ ಊರಿನ ಸುದ್ದಿಯನ್ನೂ ಅದೇ ರೀತಿ ವಿಂಗಡಿಸುತ್ತಿದ್ದಳು. ನಾನು ಕನ್ನಡ ಕಲಿತದ್ದು ಆ ಮೊರದ ಪಕ್ಕ ಕೂತು. ಕೈ ಒಂದು ಲಯದಲ್ಲಿ ಕೆಲಸ ಮಾಡುವಾಗ ಮನುಷ್ಯರ ಮುಖಕ್ಕೆ ಒಂದು ತಂಪು ಬರುತ್ತದೆ. ಮಾವನವರ ಮುಖಕ್ಕೂ ಆ ತಂಪು ಬರುತ್ತಿತ್ತು.

ಇಂಥ ಹೊತ್ತಿನಲ್ಲಿ ನನಗೆ ಎಸ್‌ಎಸ್‌ಡಿಯ ಹುಚ್ಚು ಹಿಡಿಯಿತು.

ಆಗಿನ್ನೂ ಆ ಹೊಸ ಜಾತಿಯ ಡಿಸ್ಕು ಎಲ್ಲರ ಮನೆಗೆ ಬಂದಿರಲಿಲ್ಲ. ತಟ್ಟೆಯಿಲ್ಲ, ಮುಳ್ಳಿಲ್ಲ, ತಿರುಗುವುದೇ ಇಲ್ಲ, ಬರೀ ಚಿಪ್‌ಗಳು. ಹಳೆಯ ಡಿಸ್ಕು ಹಾಕಿದ್ದ ಜಾಗಕ್ಕೆ ಇದನ್ನು ಕೂರಿಸಿದರೆ ಎಮ್ಮೆ ಚಿಗರೆಯಾಗುತ್ತದೆ ಎಂದು ಇಂಟರ್‌ನೆಟ್ಟಿನಲ್ಲಿ ಓದಿದೆ. ಓದಿದ್ದಷ್ಟೇ ಅಲ್ಲ, ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ‘ಎಸ್‌ಎಸ್‌ಡಿಯನ್ನು ಚೆನ್ನಾಗಿ ಓಡಿಸಲು ಮಾಡಬೇಕಾದದ್ದು’ ಎಂದು ತಲೆಬರಹ ಕೊಟ್ಟು ಇಪ್ಪತ್ತೆರಡು ಅಂಶ ಬರೆದೆ. ಅದನ್ನು ಹಿಡಿದುಕೊಂಡು ಬಸವರಾಜನ ಹತ್ತಿರ ಹೋದೆ.

ಬಸವರಾಜ ನಮ್ಮ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪ್ರೋಗ್ರಾಮ್ ಹಾಕುವವನು. ಬಾದಾಮಿ ಕಡೆಯವನು, ಬಾಗಲಗುಂಟೆಯಲ್ಲಿ ಬಾಡಿಗೆಗೆ ಒಂದು ಕೋಣೆ. ನನಗಿಂತ ನಾಲ್ಕು ವರ್ಷ ದೊಡ್ಡವನಾದರೂ ನನ್ನನ್ನು ‘ಅಕ್ಕಾರ’ ಎನ್ನುತ್ತಾನೆ. ಇಡೀ ಬೀದಿಯ ಕಂಪ್ಯೂಟರುಗಳ ನಾಡಿ ಹಿಡಿದವನು. ನನ್ನ ಇಪ್ಪತ್ತೆರಡು ಅಂಶಗಳನ್ನು ಓದಿ ನೋಟ್‌ಬುಕ್ ಮಡಚಿಟ್ಟ.

“ಅಕ್ಕಾರ, ಇದೇನ್ರಿ, ಮದುವಿ ಸಾಮಾನಿನ ಪಟ್ಟಿ ಇದ್ದಂಗೈತಲ್ರಿ? ಮೂರ ಮಾಡ್ರಿ ಸಾಕು. ಬಯೋಸಿನ್ಯಾಗ ಎಎಚ್‌ಸಿಐ ಅಂತ ಒಂದು ಸೆಟ್ಟಿಂಗ್ ಐತಿ, ಅದನ್ನ ಮೊದಲ ಹಾಕ್ರಿ. ಆಮ್ಯಾಲ ವಿಂಡೋಸ್ ಹೊಸದಾಗಿ ಹಾಕ್ರಿ, ಹಳೇದನ್ನ ಎತ್ತಿ ತಂದು ಇಡಬ್ಯಾಡ್ರಿ. ಕಾಲು ಭಾಗ ಖಾಲಿ ಬಿಡ್ರಿ. ಮುಗೀತು.”

“ಅಷ್ಟೇನಾ? ಆಮೇಲೆ?”

“ಆಮ್ಯಾಲ ಏನಿಲ್ರಿ. ಅದರ ಪಾಡಿಗೆ ಅದನ್ನ ಬಿಟ್ಟಬಿಡ್ರಿ. ಅದು ಭಾಳ ಅವಶ್ಯ.”

ಅದೇ ಕಷ್ಟ ನೋಡಿ. ಯಾವುದನ್ನೂ ಅದರ ಪಾಡಿಗೆ ಬಿಡುವ ಮನೆತನವಲ್ಲ ನಮ್ಮದು.

ಒಂದು ಭಾನುವಾರ ಬೆಳಗ್ಗೆ ಬಸವರಾಜ ಬಂದು ಲ್ಯಾಪ್‌ಟಾಪು ಬಿಚ್ಚಿದ. ಹಳೆಯ ಡಿಸ್ಕನ್ನು ಬಿಸಾಡಲು ಮನಸ್ಸು ಬರದೆ, ಡಿವಿಡಿ ಡ್ರೈವನ್ನು ತೆಗೆದು ಆ ಗೂಡಿನಲ್ಲಿ ಕೂರಿಸಿದೆವು. ಹೊರಬಿದ್ದ ಡ್ರೈವು ಮಾವನವರ ಎಣ್ಣೆ ಕಾಗದ ಸೇರಿತು. ಹೊಸದರ ಹೆಸರು ಸಿ, ಹಳೆಯದರ ಹೆಸರು ಡಿ. ಗುಂಡಿ ಒತ್ತಿ ನಾನು ಅಭ್ಯಾಸಬಲದಿಂದ ಅಡುಗೆಮನೆಗೆ ಹೊರಟಿದ್ದೆ, ಬಾಗಿಲು ದಾಟುವ ಮೊದಲೇ ವಿಂಡೋಸ್ ಬಂದು ನಿಂತಿತ್ತು. ಕಡಲೆಕಾಳು ಫೈಲು ಸೌಟು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ತೆರೆಯಿತು.

ಎಲ್ಲರೂ ಚಪ್ಪಾಳೆ ತಟ್ಟಿದೆವು. ಮಾವನವರು ಮಾತ್ರ ಉದ್ದನೆಯ ಸ್ಕ್ರೂಡ್ರೈವರ್ ತಂದರು. ಅದರ ಮೊನೆಯನ್ನು ಹೊಸ ಡಿಸ್ಕು ಇದ್ದ ಜಾಗದಲ್ಲಿ ಮೆಲ್ಲಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಯಂತ್ರದ ಬೇರಿಂಗ್ ಹೇಗಿದೆಯೆಂದು ಟೂಲ್ ರೂಮಿನವರು ಹೀಗೇ ಕೇಳುವುದು, ವೈದ್ಯರ ಸ್ಟೆತಾಸ್ಕೋಪಿನಂತೆ. ಬಹಳ ಹೊತ್ತು ಕೇಳಿ ಕಣ್ಣು ಬಿಟ್ಟರು.

“ಏನೂ ಕೇಳಿಸ್ತಿಲ್ಲ ಕಣಮ್ಮಾ. ಇದು ನಡೀತಾ ಇದೆ ಅಂತ ಹೇಗೆ ನಂಬೋದು?”

“ಪಿಚ್ಚರ್ ಬಂದೈತಲ್ರಿ ಮಾವಾರ,” ಎಂದ ಬಸವರಾಜ.

“ಪಿಚ್ಚರ್ ಬಿಡಪ್ಪಾ. ಕೆಲಸ ಮಾಡೋದು ಅಂದ್ಮೇಲೆ ಒಂದು ಸದ್ದಾದ್ರೂ ಬೇಡ್ವಾ?”

ಇನ್ನು ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ, ಮಾವನವರದೊಂದನ್ನೇ ಹೇಳಿದರೆ ಪಕ್ಷಪಾತವಾದೀತು. ಎಸ್‌ಎಸ್‌ಡಿಯ ಮೇಲೆ ಬರೆದಷ್ಟೂ ಅದು ಸವೆಯುತ್ತದೆ ಎಂದು ಎಲ್ಲೋ ಓದಿದ್ದೆ. ಅದಕ್ಕೆ ನೋವಾಗಬಾರದೆಂದು ನಕ್ಷೆಗಳು, ಇಂಟರ್‌ನೆಟ್ಟಿನ ಕಸ, ವಿಂಡೋಸ್ ತನ್ನ ಖಾಸಗಿ ಕೆಲಸಕ್ಕೆ ಬರೆದುಕೊಳ್ಳುವ ಚೀಟಿಗಳು, ಎಲ್ಲವನ್ನೂ ಹಳೆಯ ಡಿಸ್ಕಿಗೆ ಸಾಗಿಸಿದೆ. ಅತ್ತೆ ಮದುವೆಯ ಬೆಳ್ಳಿ ಲೋಟಗಳನ್ನು ಬೀರುವಿನಲ್ಲಿಟ್ಟು ನಮಗೆಲ್ಲ ಸ್ಟೀಲಿನಲ್ಲಿ ಕಾಫಿ ಕೊಡುತ್ತಾರಲ್ಲ, ಹಾಗೆ. ವಾರದೊಳಗೆ ಕುಕ್ಕರ್ ವಿಷಲ್ ಮತ್ತೆ ಎಣಿಸತೊಡಗಿದೆ. ಬಸವರಾಜ ನೋಡಿ ಹಣೆ ಚಚ್ಚಿಕೊಂಡ: “ಹೊಸಾ ಎತ್ತು ತಂದು ಕೊಟ್ಟಿಗ್ಯಾಗ ಕಟ್ಟಿ, ಹಳೀ ಎತ್ತಿಗೇ ಹೊಲದಾಗ ಕುಂಟಿ ಹೂಡೀರಲ್ರಿ ಅಕ್ಕಾರ! ದಿನಾ ದುಡಿದ್ರ ಅದು ಸಾಯೂದಿಲ್ರಿ. ಸುಮ್ಮ ಸುಮ್ಮನ ಬರೀಬಾರ್ದು ಅಷ್ಟ.” ಎಲ್ಲವನ್ನೂ ಮರಳಿ ಸಿ ಡಿಸ್ಕಿಗೆ ತಂದೆ. ಕಾಲು ಭಾಗ ಮಾತ್ರ ಖಾಲಿ ಬಿಟ್ಟೆ. ಅದನ್ನು ಒಪ್ಪಲು ನನಗೆ ಯಾರ ವಿವರಣೆಯೂ ಬೇಕಿರಲಿಲ್ಲ. ನನ್ನಜ್ಜಿ ಉಪ್ಪಿನಕಾಯಿ ಜಾಡಿಯನ್ನು ಎಂದೂ ಕಂಠಪೂರ್ತಿ ತುಂಬುತ್ತಿರಲಿಲ್ಲ. “ಬಾಯಿಮಟ್ಟ ತುಂಬುದ್ರೆ ಅದು ಉಸ್ರಾಡಾದು ಎಂಗವ್ವಾ?” ಎನ್ನುತ್ತಿದ್ದಳು.

ಶನಿವಾರ ಬಂತು. ಮಾವನವರು ಖಾಕಿ ಕೋಟಿನ ಗುಂಡಿ ಹಾಕುವುದು ಕಾಣಿಸಿತು. ನಾನು ಎದ್ದು ನಿಂತೆ. ಯಾಕೆಂದರೆ ಇಪ್ಪತ್ತೆರಡು ಅಂಶಗಳ ಪೈಕಿ ಒಂದನ್ನು ನಾನು ಕೆಂಪು ಶಾಯಿಯಲ್ಲಿ ಅಡಿಗೆರೆ ಹಾಕಿ ಬರೆದಿದ್ದೆ: ಎಸ್‌ಎಸ್‌ಡಿಯನ್ನು ಎಂದೂ ಡಿಫ್ರಾಗ್ ಮಾಡಬಾರದು. ತಟ್ಟೆಯಿಲ್ಲ, ಮುಳ್ಳಿಲ್ಲ, ಓಡಾಟವಿಲ್ಲ. ತುಂಡು ಎಲ್ಲಿದ್ದರೂ ಅದಕ್ಕೆ ಒಂದೇ. ಜೋಡಿಸಿದರೆ ಲಾಭವಿಲ್ಲ, ಸವೆತ ಮಾತ್ರ.

ಹೇಳಲು ಬಾಯಿ ತೆರೆದೆ. ಅತ್ತೆ ಒಳಗಿನಿಂದ ಕಣ್ಣಲ್ಲೇ ಕರೆದರು.

“ಈಗ್ಲೇ ಹೇಳ್ಬೇಡ ಕಣೆ. ಅವರ ಕೈಗೆ ಅದೊಂದೇ ಉಳಿದಿರೋದು. ಅದೂ ಇಲ್ದಿದ್ರೆ ಶನಿವಾರ ಏನ್ ಮಾಡ್ತಾರೆ? ಗೇಟಂತೂ ಇನ್ನೊಂದು ತೊಟ್ಟು ಎಣ್ಣೆ ಕುಡಿಯಲ್ಲ.”

ಹೀಗಾಗಿ ನಾನು ಅರ್ಧ ಮಾತು ಹೇಳಿದೆ. “ಮಾವ, ಡಿ ಡಿಸ್ಕ್ ಮಾತ್ರ ಮಾಡಿ ಸಾಕು. ಸಿ ಹೊಸದು.” ಅರ್ಧ ಮಾತು ಸುಳ್ಳಿಗಿಂತ ಕೆಟ್ಟದ್ದೆಂದು ನನಗೆ ಆಗ ಗೊತ್ತಿರಲಿಲ್ಲ. ಮಾವನವರು ತಲೆಯಾಡಿಸಿದರು. ಕೆಂಪು ನೀಲಿ ಚೌಕಗಳ ಮುಂದೆ ಕಾಫಿ ಹಿಡಿದು ಕೂತರು. ಹಳೆಯ ಡಿಸ್ಕು ಗೊರಗೊರ ಎನ್ನುತ್ತಿತ್ತು. ಮನೆಯೊಳಗೆ ಶಾಂತಿ ನೆಲೆಸಿತು.

ಎಂಟು ತಿಂಗಳು ಕಳೆದ ಮೇಲೆ ಒಂದು ದಿನ ಲ್ಯಾಪ್‌ಟಾಪನ್ನು ಕಾರ್ಖಾನೆಗೆ ಒಯ್ದಿದ್ದೆ. ಬಸವರಾಜ ಡಿಸ್ಕಿನ ಆರೋಗ್ಯ ನೋಡುವ ಒಂದು ಪ್ರೋಗ್ರಾಮ್ ಹಾಕಿ ಹುಬ್ಬು ಗಂಟಿಕ್ಕಿದ.

“ಅಕ್ಕಾರ, ಇದರ ಮ್ಯಾಲ ಇಷ್ಟು ಬರೆದೀರಲ್ರಿ. ಇಡೀ ಪೀಣ್ಯಾದ ಡ್ರಾಯಿಂಗ್ ನೀವ ಒಬ್ಬರ ಮಾಡಾಕತ್ತೀರೇನ್?”

ಬಣ್ಣದ ಚೌಕದ ಪ್ರೋಗ್ರಾಮ್ ತಾನು ಮಾಡಿದ ಕೆಲಸದ ದಿನಚರಿಯನ್ನು ಬರೆದಿಡುತ್ತದೆ. ತೆರೆದು ನೋಡಿದೆವು. ಪ್ರತಿ ಶನಿವಾರ, ಮಧ್ಯಾಹ್ನ ಮೂರೂ ಕಾಲು: ಸಿ ಡಿಸ್ಕು, ಮೂರು ಸುತ್ತು. ಆಮೇಲೆ ಡಿ ಡಿಸ್ಕು, ಒಂದು ಸುತ್ತು. ಒಂದು ವಾರವೂ ತಪ್ಪಿಲ್ಲ, ಗೌರಿ ಹಬ್ಬದ ಶನಿವಾರವೂ.

“ಸಾಯ್ತದಾ ಬಸವರಾಜ?”

“ಇಲ್ರಿ, ಗಟ್ಟಿ ಐತಿ. ಸುಮ್ಮನ ಆಯುಷ್ಯಾ ಕಳಕೊಂಡೈತಿ. ಆದ್ರ ಮಾವಾರಿಗೆ ಹೇಳ್ರಿ ಈಗರ.”

ಹೋಗಲಿ, ಡಿಸ್ಕು ಸವೆದರೆ ಸವೆಯಲಿ, ಮಾವನವರ ಶನಿವಾರ ಉಳಿಯಲಿ ಎಂದು ನಾನು ನಿರ್ಧರಿಸಿದ್ದೆ, ನಿಜವಾಗಿ. ಆದರೆ ಅಂದು ಮನೆಗೆ ಬಂದರೆ ಮಾವನವರು ಉತ್ಸಾಹದಲ್ಲಿದ್ದರು. ಎದುರು ಮನೆಯ ರಾಯರ ಅಳಿಯ ಎಲೆಕ್ಟ್ರಾನಿಕ್ ಸಿಟಿಯಿಂದ ಬಂದಿದ್ದಾನೆ, ಅವನದೂ ಇಂಥದೇ ಹೊಸ ಡಿಸ್ಕಿನ ಲ್ಯಾಪ್‌ಟಾಪು. ಶನಿವಾರ ತಾವೇ ಹೋಗಿ ಅದರ ಮೆಂಟೆನೆನ್ಸ್ ಮಾಡಿ ತೋರಿಸುವುದಾಗಿ ಪಾರ್ಕಿನಲ್ಲಿ ಎಲ್ಲರೆದುರು ಒಪ್ಪಿಕೊಂಡಿದ್ದರು. ಆ ಅಳಿಯನನ್ನು ನಾನು ಬಲ್ಲೆ. ನಗದೆ ಮಾತಾಡಲು ಬಾರದವನು. ಜಾಲಹಳ್ಳಿಯಲ್ಲಿ ಇವತ್ತಿಗೂ ಹಳಬರು ಎದ್ದು ನಿಂತು ಮಾತಾಡಿಸುವ ಟೂಲ್ ರೂಮ್ ಫೋರ್‌ಮನ್ನನ್ನು ಅವನು ರಾಯರ ಜಗಲಿಯ ಮೇಲೆ ನಿಲ್ಲಿಸಿಕೊಂಡು ನಗುವುದೇ?

ಶನಿವಾರ ಬೆಳಗ್ಗೆ ಬಸವರಾಜನನ್ನು ತಿಂಡಿಗೆ ಕರೆದೆ. ಹೇಳುವ ಕೆಲಸ ಅವನ ತಲೆಗೆ ಕಟ್ಟುವುದು ನನ್ನ ಹೂಟ. ಅವನೋ, ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡು ಮಾವನವರನ್ನು ಹಳೆಯ ಕಾಲದ ಮಾತಿಗೆ ಎಳೆದ. ಮಾವನವರು ಶುರುಮಾಡಿದರು. ಹೊಸ ಹುಡುಗರು ಟೂಲ್ ರೂಮಿಗೆ ಬಂದಾಗ ಸಾಣೆಕಲ್ಲು ಕಂಡರೆ ಬಿಡುತ್ತಿರಲಿಲ್ಲವಂತೆ. ಮೊಂಡಾಗಿರಲಿ ಬಿಡಲಿ, ಬಂದ ಉಳಿಯನ್ನೆಲ್ಲ ಕಲ್ಲಿಗೆ ಹಿಡಿಯುವುದು, ಕಿಡಿ ಹಾರುವುದು ನೋಡುವುದು.

“ನಾನು ಅಲ್ಲೇ ಕೈ ಹಿಡೀತಿದ್ದೆ. ಹರಿತ ಇರೋ ಟೂಲಿಗೆ ಯಾಕಯ್ಯಾ ಸಾಣೆ? ಒಂದು ಸಲ ಹಿಡಿದ್ರೆ ಒಂದು ಕೂದಲಷ್ಟು ಆಯಸ್ಸು ಹೋಯ್ತು, ನಿಮ್ಮಪ್ಪ ತಂದ್ಕೊಡ್ತಾನಾ ಅದನ್ನ? ಅಂತಿದ್ದೆ.”

ಬಸವರಾಜ ನನ್ನತ್ತ ನೋಡಿದ. ನಾನು ಅವನತ್ತ ನೋಡಿದೆ. ಅವನು ತಟ್ಟೆಯತ್ತ ನೋಡಿಕೊಂಡ. ಗಂಡಸರು ಸಮಯಕ್ಕೆ ಆಗುವುದು ಇಷ್ಟೇ.

“ಮಾವ,” ಎಂದೆ. “ಹೊಸ ಡಿಸ್ಕಿಗೆ ಡಿಫ್ರಾಗ್ ಮಾಡೋದೂ ಹಾಗೇ.”

“ಹಾಗೇ ಅಂದ್ರೆ?”

“ಅದರಲ್ಲಿ ತಿರುಗೋದು ಏನೂ ಇಲ್ಲ. ಜೋಡಿಸಿದ್ರೆ ಪ್ರಯೋಜನ ಇಲ್ಲ. ಪ್ರತಿ ಸಲ ಬರೆದಾಗ ಸ್ವಲ್ಪ ಸವೆಯುತ್ತೆ.”

ಮಾವನವರು ಲೋಟ ಕೆಳಗಿಟ್ಟರು. ಬಸವರಾಜನನ್ನು ಕೇಳಿದರು, “ಹೌದೇನಪ್ಪಾ?”

“ಹೌದ್ರಿ ಮಾವಾರ. ಆದ್ರ ಭಾಳೇನ್ ಹಾಳಾಗಿಲ್ರಿ.”

“ಎಂಟು ತಿಂಗಳು. ವಾರಕ್ಕೆ ಮೂರು ಸಲ.” ಅವರು ಯಾರಿಗೂ ಹೇಳದಂತೆ ಹೇಳಿಕೊಂಡರು. “ಹೊಸ ಯಂತ್ರಕ್ಕೇ ನಿಗಾ ಜಾಸ್ತಿ ಬೇಕು ಅಂತ ಮೊದಲು ಅದನ್ನೇ ಮಾಡ್ತಿದ್ದೆ.” ಆಮೇಲೆ ನನ್ನ ಮುಖ ನೋಡಿದರು. “ನಿಂಗೆ ಯಾವಾಗ ಗೊತ್ತಾಯ್ತಮ್ಮಾ?”

ಇನ್ನೊಂದು ಅರ್ಧ ಮಾತು ನಾಲಿಗೆಯ ತುದಿಗೆ ಬಂದಿತ್ತು, ಮೊನ್ನೆ ಗೊತ್ತಾಯಿತು ಎನ್ನುವುದು. ನುಂಗಿಕೊಂಡೆ.

“ತರೋದಕ್ಕೆ ಮುಂಚೇನೇ ಗೊತ್ತಿತ್ತು, ಮಾವ.”

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು, “ನಾನೇ ಹೇಳ್ಬೇಡ ಅಂದೆ,” ಎಂದರು.

ಮಾವನವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. “ನನ್ನ ಕೈಕೆಳಗಿದ್ದವರು ತಪ್ಪು ಮಾಡಿದ್ರೆ ನಾನು ಅಲ್ಲೇ ಹೇಳ್ತಿದ್ದೆ, ಗಿರಿಜಾ. ಕೆಲಸಗಾರ ಅಂತ ಮರ್ಯಾದೆ ಇದ್ದವರಿಗೆ ಹೇಳ್ತೀವಿ. ಕೂತ್ಕೊಂಡು ಆಡ್ಕೊಳ್ಳಲಿ ಅಂತ ಬಿಡೋದು ಮಕ್ಕಳನ್ನ,” ಎಂದು ಎದ್ದು, ಎದುರು ಮನೆಗೆ ಹೋಗಿ ತಾವು ಇವತ್ತು ಬರುವುದಿಲ್ಲವೆಂದು ಹೇಳಿ ಬಂದರು. ಅಂದು ಮೂರು ಗಂಟೆಗೆ ಖಾಕಿ ಕೋಟು ಗೂಟದಲ್ಲೇ ಇತ್ತು.

ಮುಂದಿನ ಶನಿವಾರವೂ ಅಲ್ಲೇ ಇತ್ತು. ಮಾವನವರು ಬೆಳಗ್ಗೆ ಓದಿದ ಪೇಪರನ್ನೇ ಮಧ್ಯಾಹ್ನ ಮತ್ತೆ ಓದಿದರು. ಅತ್ತೆ ಸುಮ್ಮನೆ ಫ್ಯಾನಿನಲ್ಲಿ ಏನೋ ಸದ್ದು ಬರುತ್ತಿದೆ ಎಂದರು. “ಬರ್ತಿಲ್ಲ,” ಎಂದರು ಮಾವನವರು, ತಲೆಯೆತ್ತದೆ. ನಾನು ಮತ್ತು ಅತ್ತೆ ಮುಖ ಮುಖ ನೋಡಿಕೊಂಡೆವು. ಮೂರರಿಂದ ಐದು ಗಂಟೆ ಅಷ್ಟು ಉದ್ದವಿರುತ್ತದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ವಾರವೆಲ್ಲ ಅವರ ಮಾತು ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಯೋಚಿಸಿದರೆ ಇನ್ನೊಂದು ನಾಚಿಕೆಯೂ ಹೊರಬಿತ್ತು. ಇಷ್ಟು ವರ್ಷ ಮಾವನವರು ನನ್ನ ಲ್ಯಾಪ್‌ಟಾಪಿನ ಧೂಳು ಒರೆಸಿದ್ದಾರೆ, ಡಿಸ್ಕು ಜೋಡಿಸಿದ್ದಾರೆ. ಅದರಲ್ಲಿ ನಾನು ಏನು ಮಾಡುತ್ತೇನೆಂದು ಒಂದು ದಿನವೂ ತೋರಿಸಿಲ್ಲ. ಫೈಲು ತೆರೆಯಲು ಅರ್ಧ ಗಂಟೆ ಬೇಕು ಎಂಬ ನೆಪ ಮೊದಲಿತ್ತು. ಹೊಸ ಡಿಸ್ಕು ಬಂದ ಮೇಲೆ ಆ ನೆಪವೂ ಇಲ್ಲ. ನಿಜ ಹೇಳಬೇಕೆಂದರೆ ಹೆದರಿಕೆ. ಕಂಪ್ಯೂಟರಿನಲ್ಲಿ ಕಲಿತವಳು ನಾನು. ಕಬ್ಬಿಣದ ಜೊತೆ ಮೂವತ್ತಾರು ವರ್ಷ ಇದ್ದವರೆದುರು ನನ್ನ ನಕ್ಷೆ ಬಿಚ್ಚಿಡುವ ಧೈರ್ಯ ನನಗಿರಲಿಲ್ಲ.

ಮೂರನೆಯ ಶನಿವಾರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡೆ. ಸೋಮವಾರ ಗಿರಾಕಿಗೆ ಕಳಿಸಬೇಕಾದ ಒಂದು ಫಿಕ್ಸ್‌ಚರು. ಕಾರ್ಖಾನೆಯ ಯಜಮಾನರು ನೋಡಿ ಒಪ್ಪಿದ್ದು, ಇನ್ನಿಬ್ಬರು ನೋಡಿ ಭೇಷ್ ಎಂದದ್ದು.

“ಮಾವ, ಸ್ವಲ್ಪ ಬರ್ತೀರಾ?”

“ಏನು, ಕೆಟ್ಟಿದೆಯಾ?”

“ಕೆಟ್ಟಿಲ್ಲ. ನೋಡಿ.”

ಅವರು ಬಂದು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ನಕ್ಷೆ ತೆರೆದಿತ್ತು. ಮೌಸ್ ಹಿಡಿದು ಅದನ್ನು ಮೆಲ್ಲಗೆ ತಿರುಗಿಸಿ ತೋರಿಸಿದೆ: ಇಲ್ಲಿ ಬಿಡಿಭಾಗ ಕೂರುತ್ತದೆ, ಈ ಎರಡು ಕೈ ಮೇಲಿಂದ ಹಿಡಿಯುತ್ತವೆ, ಈ ನಾಲ್ಕು ಬೋಲ್ಟು ಬಿಗಿಯುತ್ತವೆ. ಮಾವನವರು ಕನ್ನಡಕ ಸರಿಪಡಿಸಿಕೊಂಡರು. ಬಗ್ಗಿದರು. ಬಲಗೈಯನ್ನು ಪರದೆಯ ಮುಂದೆ ಗಾಳಿಯಲ್ಲಿ ಎತ್ತಿ, ಏನನ್ನೋ ಹಿಡಿದಂತೆ ಬೆರಳು ಮಡಚಿ, ಒಂದು ಕಡೆಗೆ ತಿರುಗಿಸಿದರು. ನಿಲ್ಲಿಸಿದರು. ಮತ್ತೊಮ್ಮೆ ತಿರುಗಿಸಿದರು. ಅವರ ಗೆಣ್ಣು ಯಾವುದಕ್ಕೋ ತಾಗಿದಂತೆ ಹಿಂದೆ ಬಂತು.

“ಬೋಲ್ಟ್ ಸರಿ ಕಣಮ್ಮಾ. ಈ ಮೂರನೇದಕ್ಕೆ ಸ್ಪ್ಯಾನರ್ ಎಲ್ಲಿಂದ ಬರುತ್ತೆ?”

ನಾನು ನೋಡಿದೆ. ಬರುವುದಿಲ್ಲ. ಪಕ್ಕದಲ್ಲೇ ಫಿಕ್ಸ್‌ಚರಿನ ಗೋಡೆ. ಸ್ಪ್ಯಾನರು ಹೇಗೋ ತೂರಿದರೂ ತಿರುಗಿಸಲು ಕೈಗೆ ಜಾಗವಿಲ್ಲ. ನಾಲ್ಕು ಜನ ನೋಡಿದ್ದೆವು, ಬಿಗಿಯಲು ಒಂದು ಕೈ ಬೇಕೆಂದು ಒಬ್ಬರಿಗೂ ನೆನಪಾಗಿರಲಿಲ್ಲ.

“ತಪ್ಪಾಗಿದೆ, ಮಾವ.”

“ತಪ್ಪೇ. ಬೋಲ್ಟ್ ಬಿಗಿಯೋ ಹುಡುಗ ಬೆರಳು ಜಜ್ಜಿಕೊಳ್ತಿದ್ದ.” ಅವರು ಪಕ್ಕದ ಕುರ್ಚಿಯನ್ನು ಎಳೆದುಕೊಂಡು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತರು. “ಗೋಡೇನ ಈಚೆ ತರ್ಬೇಡ, ಬಲ ಹೋಗುತ್ತೆ. ಬೋಲ್ಟನ್ನ ಸರಿಸು. ಇನ್ನೂ ಸ್ವಲ್ಪ. ಇನ್ನೂ. ಹಾಂ. ಈಗ ಹಿಂದಿನಿಂದ ತೋರ್ಸು.”

ತಿರುಗಿಸಿದೆ. ಅತ್ತೆ ಎರಡು ಲೋಟ ಕಾಫಿ ತಂದು, ಇಡಲು ಜಾಗ ಹುಡುಕಿ, ಕೈಯಲ್ಲೇ ಹಿಡಿದು ನಿಂತರು. ಮಾವನವರು ನೋಡಲೇ ಇಲ್ಲ. ಅವರ ಕೈ ಮತ್ತೆ ಗಾಳಿಯಲ್ಲಿ ಎದ್ದಿತ್ತು, ನಾಲ್ಕನೇ ಬೋಲ್ಟಿನ ಹತ್ತಿರ.